ಒಂದು ತಾಸು ಐವತ್ತು ನಿಮಿಷದ ಬುತ್ತಿ

ನಮ್ಮ ಕಡೆ ಯಾವ ಊರು ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ, ಎಷ್ಟು ತಾಸಿನ ದಾರಿ ಎಂದು ಕೇಳುತ್ತಾರೆ. ನಾನಿರುವ ಲಿಂಗಸುಗೂರಿನಿಂದ ಮಸ್ಕಿಗೆ ಮುಕ್ಕಾಲು ತಾಸು. ಅಲ್ಲಿಂದ ನನ್ನ ಅಕ್ಕ ಇರುವ ಸಿಂಧನೂರಿಗೆ ಇನ್ನೊಂದು ಮುಕ್ಕಾಲು. ನಡುವೆ ಮಸ್ಕಿಯಲ್ಲಿ ಡ್ರೈವರು ಚಹಾಕ್ಕೆ ಇಳಿದರೆ ಆ ಮಾತು ಬೇರೆ. ಇಷ್ಟು ದಾರಿಗೇ ನಾನು ಮನೆಯಿಂದ ಒಂದು ತಾಸು ಮೊದಲು ಹೊರಟು, ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಗ್ಯಾಸ್ ಬಂದ್ ಮಾಡಿದೆವೋ ಇಲ್ಲವೋ ಎಂದು ಹೆಂಡತಿಗೆ ಫೋನು ಹಚ್ಚುವವನು. ಹೆಂಡತಿ ಮನೆಯಲ್ಲೇ ಇರುತ್ತಾಳೆ. ಆ ಗ್ಯಾಸಿನ ಮೇಲೆಯೇ ಅಡಿಗೆ ಮಾಡುತ್ತಿರುತ್ತಾಳೆ.

ಹೈಸ್ಕೂಲಿನಲ್ಲಿ ನಾನು ಕಲಿಸುವುದು ಭೂಗೋಳ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲು ಇನ್ನೂ ನಾಚಿಕೆಯಾಗುತ್ತದೆ.

ಅಕ್ಕನಿಗೆ ದಾರಿ ಅಳೆಯಲು ಬೇರೆಯೇ ಅಳತೆ ಇದೆ. ಅವಳದು ಬುತ್ತಿಯ ಲೆಕ್ಕ. ಮೊಸರು ಬುತ್ತಿ ತಾಳುವಷ್ಟು ದೂರದ ಊರು ಹತ್ತಿರದ ಊರು. ಪುಂಡಿಪಲ್ಯ ತಾಳುವಷ್ಟು ದೂರದ್ದು ನಡುವಿನ ಊರು. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ತಾಳುತ್ತವೆ ಎಂದರೆ ಅಲ್ಲಿಗೆ ಹೆಣ್ಣು ಕೊಡಬಾರದು. ಈ ಲೆಕ್ಕದ ಪ್ರಕಾರ ತುರ್ವಿಹಾಳ, ಮುದಗಲ್ ಎಲ್ಲ ಹತ್ತಿರದ ಊರುಗಳು. ತನ್ನ ಒಬ್ಬಳೇ ಮಗಳನ್ನು ಕೊಡುವಾಗಲೂ ಅವಳು ಈ ಲೆಕ್ಕ ತಪ್ಪಿರಲಿಲ್ಲ. ಅಳಿಯ ಆಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಿಂಧನೂರಿನಿಂದ ಮೂರು ತಾಸು. ಮೊಸರು ಬುತ್ತಿ ಆರಾಮಾಗಿ ತಾಳುವ ದೂರ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅಳಿಯ ಕೆಲಸ ಬದಲಿಸಿ ಒಡಿಶಾದ ಝಾರ್ಸುಗುಡಾಕ್ಕೆ ಹೋದ. ಆ ಊರಿನ ಹೆಸರನ್ನು ಅಕ್ಕ ಇವತ್ತಿಗೂ ಹೇಳುವುದಿಲ್ಲ. 'ಅಲ್ಲಿ' ಎನ್ನುತ್ತಾಳೆ, ಅಷ್ಟೆ.

ಅಲ್ಲಿ ಹೋದ ಮೇಲೆ ಮಗಳು ಮೊದಲ ಸಲ ಬಸುರಾದಳು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅಕ್ಕನಿಗೆ ಫೋನು ಮಾಡಿ, 'ಯವ್ವಾ, ನಿನ್ನ ಕೈಯಾಗಿನ ಮೊಸರು ಬುತ್ತಿ ತಿನ್ಬೇಕು ಅನ್ನಿಸೇತಿ' ಎಂದಳಂತೆ. ಬಸುರಿಯ ಬಯಕೆ. ಭಾವ ತೀರಿಕೊಂಡು ಬಹಳ ವರ್ಷಗಳಾದವು. ತವರಿನ ಕಡೆಯ ಗಂಡಾಳು ಎಂದರೆ ಸೋದರಮಾವನಾದ ನಾನೇ. ಆಗ ಏಪ್ರಿಲ್ ತಿಂಗಳು. ನಾನು ಚಿಂತೆ ಮಾಡಿದೆ. ರೈಲಿನಲ್ಲಿ ಬಿಸಿಲು, ಅಕ್ಕನ ಬಿ.ಪಿ., ಹಳಸುವ ಅನ್ನ, ಬಸುರಿಯ ಹೊಟ್ಟೆ. 'ಹದಿನೈದು ದಿನ ತಡಿ ಅಕ್ಕ, ಒಂದು ಮಳಿ ಆಗ್ಲಿ' ಎಂದೆ. ನಾಲ್ಕೇ ದಿನಕ್ಕೆ ಕೂಸು ಉಳಿಯಲಿಲ್ಲ ಎಂದು ಸುದ್ದಿ ಬಂತು. ಅದಕ್ಕೂ ಬುತ್ತಿಗೂ ಏನು ಸಂಬಂಧ ಎಂದು ಓದಿದವರು ಯಾರಾದರೂ ಕೇಳುತ್ತಾರೆ. ನಾನೂ ಓದಿದವನೇ. ಆದರೆ ಅಕ್ಕ ನನಗೆ ಒಂದೇ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ಮೇಲೆ ಈ ಚಳಿಗಾಲದಲ್ಲಿ ಮಗಳಿಗೆ ಮತ್ತೆ ಐದನೇ ತಿಂಗಳು. ಐದರಲ್ಲಿ ಕುಬಸ ಮಾಡಬೇಕು. ತವರಿನವರು ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆ, ಬುತ್ತಿ ಒಯ್ದು ಉಡಿ ತುಂಬಬೇಕು. ಈ ಸಲ ಹೋಗಲೋ ಬೇಡವೋ ಎಂದು ಅಕ್ಕ ಕೇಳಲಿಲ್ಲ. ಸೋಮವಾರ ಎಂದಳು. 'ಮೊಸರು ಬುತ್ತಿ ಒಯ್ಬೇಕು. ಎಷ್ಟು ತಾಸು ನೋಡಿ ಹೇಳು' ಎಂದಳು.

ನಾನು ಫೋನಿನಲ್ಲಿ ನೋಡಿದೆ. ತೋರಣಗಲ್ಲಿನ ಹತ್ತಿರ ಒಂದು ಸಣ್ಣ ವಿಮಾನ ನಿಲ್ದಾಣವಿದೆ. ಝಾರ್ಸುಗುಡಾದಲ್ಲೂ ಒಂದಿದೆ. ಎರಡೂ ಹೆಸರು ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಬಂತು: ದೂರ ಸಾವಿರದ ಚಿಲ್ಲರೆ ಕಿಲೋಮೀಟರು, ಹಾರಾಟದ ಸಮಯ ಒಂದು ತಾಸು ಐವತ್ತು ನಿಮಿಷ. ಪಕ್ಕದಲ್ಲಿ ನಕಾಶೆ, ಅದರ ಮೇಲೆ ಎರಡು ಊರಿನ ನಡುವೆ ಬಿಲ್ಲಿನಂತೆ ಬಾಗಿದ ಚಂದದ ಗೆರೆ, ಗೆರೆಯ ಮೇಲೆ ಒಂದು ಪುಟ್ಟ ವಿಮಾನ. ಎರಡು ವರ್ಷ ಇದಕ್ಕೇ ಹೆದರಿ ಕೂತಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

'ಯಕ್ಕಾ, ಒಂದು ತಾಸು ಐವತ್ತು ನಿಮಿಷ.'

'ಖರೇನ?'

'ಬರಾಬರ್ ಐತಿ. ನೋಡೇ ಹೇಳಾಕತ್ತೀನಿ.'

'ಅಂದ್ರ ನಿಮ್ಮೂರಷ್ಟ ದೂರ ಆತಲ್ಲೋ!' ಎಂದು ಅಕ್ಕ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಅಲ್ಲೇ ಫೋನಿನಲ್ಲೇ ಲೆಕ್ಕ ಹಾಕಿದಳು. ನಸುಕಿನಲ್ಲಿ ಕಲಸಿದರೆ ಮಧ್ಯಾಹ್ನದ ಊಟಕ್ಕೆ ಮಗಳ ತಾಟಿನಲ್ಲಿ. 'ಅಲ್ಲಿ' ಹತ್ತಿರದ ಊರಾಗಿಬಿಟ್ಟಿತ್ತು. ಸಂಜೆಯೊಳಗೆ ಓಣಿಗೆಲ್ಲ ಹೇಳಿ ಬಂದಳು.

ಮರುದಿನ ಲಿಂಗಸುಗೂರಿನಲ್ಲಿ ಟಿಕೆಟು ತೆಗೆದುಕೊಡುವ ಅಂಗಡಿಗೆ ಹೋದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಕೊನೆಗೆ, 'ಸರ, ಈ ವಿಮಾನ ನೀವು ಎಲ್ಲಿ ಕಂಡ್ರಿ?' ಎಂದು ಕೇಳಿದ. ಫೋನು ತೋರಿಸಿದೆ. ಅವನು ನೋಡಿ ಮೆತ್ತಗೆ ಹೇಳಿದ.

'ಇದು ವಿಮಾನ ಅಲ್ರಿ. ಎರಡು ಊರು ಹಾಕಿದ್ರ ನಡುವ ಗೆರಿ ಎಳದು ಲೆಕ್ಕ ಹೇಳ್ತೈತಿ. ಅಲ್ಲಿ ವಿಮಾನ ಇರ್ಲಿ, ಬಿಡ್ಲಿ.'

'ಮತ್ತ ಟೈಮು ಹಾಕ್ಯಾರಲ್ಲಪ?'

'ಹಾರಿದ್ರ ಇಷ್ಟು ಅಂತ್ರಿ. ಹಾರ್ತೈತಿ ಅಂತ ಎಲ್ಲಿ ಹೇಳ್ಯಾರ?'

ಟೈಮು ಬರೆದಿದೆ ಎಂದರೆ ಬಸ್ಸು ಇದೆ ಎಂದೇ ಅರ್ಥ. ತಡವಾಗಿ ಬರಬಹುದು, ಕೆಟ್ಟು ನಿಲ್ಲಬಹುದು, ಆದರೆ ಇರುತ್ತದೆ. ಬಸ್‌ಸ್ಟ್ಯಾಂಡಿನ ಬೋರ್ಡು ಓದಿ ಬೆಳೆದ ನನಗೆ, ಇಲ್ಲದ ವಿಮಾನಕ್ಕೂ ಯಾರಾದರೂ ಟೈಮು ಬರೆದಿಡುತ್ತಾರೆ ಎಂದು ಹೊಳೆದೇ ಇರಲಿಲ್ಲ.

'ಸರ, ಸಾಲ್ಯಾಗ ಏನು ಕಲಸ್ತೀರಿ?' ಎಂದ ಅವನು, ಮಾತಿಗೆ.

'ಭೂಗೋಳ.'

ಅವನು ಬಹಳ ಒಳ್ಳೆಯವನು. ಮುಖ ತಿರುಗಿಸಿಕೊಂಡು ಕಂಪ್ಯೂಟರು ನೋಡುತ್ತ ಕೂತ. ಆಮೇಲೆ ಇದ್ದ ದಾರಿ ಹುಡುಕಿ ಕೊಟ್ಟ. ಭಾನುವಾರ ಬೆಳಿಗ್ಗೆ ಸಿಂಧನೂರಿನಿಂದ ಬಸ್ಸಿನಲ್ಲಿ ಹೈದರಾಬಾದು, ರಾತ್ರಿ ಅಲ್ಲೇ ಉಳಿದು, ಸೋಮವಾರ ಅಲ್ಲಿಂದ ವಿಮಾನ.

ಈ ಸುದ್ದಿ ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಬಸ್ಸು ಹತ್ತಿದೆ. ಮಸ್ಕಿ ಬರುವುದರೊಳಗೆ ಹೇಗೆ ಹೇಳಬೇಕೆಂದು ನಾಲ್ಕು ರೀತಿ ತಯಾರು ಮಾಡಿಕೊಂಡೆ. ನಾಲ್ಕರಲ್ಲೂ ಕೊನೆಗೆ ತಪ್ಪು ನನ್ನದೇ ಆಗುತ್ತಿತ್ತು. ಮಸ್ಕಿಯಲ್ಲಿ ಡ್ರೈವರು ಇಳಿದ, ನಾನೂ ಇಳಿದು ಚಹಾ ಹೇಳಿದೆ. ಗುಡ್ಡದ ಕಡೆ ಮುಖ ಮಾಡಿ ಐದನೆಯ ರೀತಿ ಯೋಚಿಸುತ್ತ ನಿಂತಿದ್ದಾಗ ಹೋಟೆಲಿನವನು, 'ಮಾಸ್ತರ್ರ, ನಿಮ್ಮ ಬಸ್ಸು ಹೋಗಿ ಎಷ್ಟೊತ್ತಾತು' ಎಂದ. ಜೀವನದಲ್ಲಿ ಒಂದೂ ಬಸ್ಸು ತಪ್ಪಿಸಿಕೊಂಡವನಲ್ಲ ನಾನು. ಅವತ್ತು ಅದು ತಪ್ಪಿದ್ದಕ್ಕೆ ಸ್ವಲ್ಪ ಹಗುರವೇ ಅನ್ನಿಸಿತು.

ಅಕ್ಕನ ಮನೆಯಲ್ಲಿ ಹಸಿರು ಸೀರೆ ಮಂಚದ ಮೇಲೆ ಹರಡಿತ್ತು. ಒಲೆಯ ಮುಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ಪಕ್ಕದ ಮನೆಯಾಕೆ ಸುಡುತ್ತಿದ್ದಳು.

'ಬಂದ್ರು ನೋಡವ್ವ ಮಾಸ್ತರ್ರು. ವಿಮಾನ ಓಣಿ ತುದಿಗೆ ನಿಂದ್ರಿಸಿ ಬಂದೀರೇನ್ರಿ?' ಎಂದಳು ಪಕ್ಕದ ಮನೆಯಾಕೆ.

ತಯಾರು ಮಾಡಿದ ಐದೂ ರೀತಿ ಮರೆತುಹೋದವು. 'ಆ ವಿಮಾನ ಇಲ್ಲಕ್ಕ' ಎಂದೆ. 'ನಾ ತಪ್ಪು ನೋಡಿದೆ.'

ಅಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದಳು. ಎತ್ತಿ ಹಂಚಿಗೆ ಹಾಕಿದಳು. ಮೇಲೆ ನೀರು ಸವರಿದಳು. ಆಮೇಲೆ ಕೇಳಿದಳು. 'ಹಂಗಾರ ಎಷ್ಟು ತಾಸು?'

'ಮನೀಂದ ಮನೀಗೆ ಇಪ್ಪತ್ತೆಂಟು.'

ಪಕ್ಕದ ಮನೆಯಾಕೆ ರೊಟ್ಟಿ ತಿರುವಿ ಹಾಕಿದಳು. ನಾನೇ ಹೇಳಿದೆ. 'ಅಲ್ಲೇ ಹೋಗಿ ಕಲಸಿದ್ರಾತಲ್ಲಕ್ಕ. ಅಕ್ಕಿ ಐತಿ, ಹಾಲು ಐತಿ…'

'ಅಲ್ಲಿ ಕಲಸಿದ್ರ ಅದು ಅಡಿಗಿ. ಅಕೀಗೆ ಅಡಿಗಿ ಮಾಡಾಕ ಬರಂಗಿಲ್ಲೇನು? ಬುತ್ತಿ ಅಂದ್ರ ತವರುಮನಿ ಒಲಿ ಮ್ಯಾಲಿಂದ ಇಳಿಸಿ, ಇಲ್ಲೇ ಕಲಸಿ, ಹೊತ್ಕೊಂಡು ಹೋಗೂದು.' ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. 'ಹಾಲಿನ್ಯಾಗ ಕಲಸ್ತೀನಿ. ಹೆಪ್ಪು ಹಾಕಿಬಿಡ್ತೀನಿ. ಹಾದ್ಯಾಗ ತಾನ ಮೊಸರಾಕ್ಕೋತ ಬರ್ಲಿ.'

ನನಗೆ ಜೀವ ಬಂತು. ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿದಳು.

'ಲೇ ತಮ್ಮ, ತಾಸು ಖರೇ ಹೇಳು. ಹೆಪ್ಪು ನೀ ಹೇಳಿದ್ದಕ್ಕ ಹಾಕ್ತೀನಿ. ಹತ್ತು ತಾಸಂದ್ರ ಒಂದು ಚಮಚ. ಇಪ್ಪತ್ತೆಂಟಂದ್ರ ಒಂದು ಹನಿ. ಹೆಚ್ಚಾದ್ರ ಹುಳಿ ಹೊಡೀತೈತಿ, ಕಡಿಮಿ ಆದ್ರ ಹಾಲ ಉಳೀತೈತಿ. ಬಸುರಿ ಬಾಯಿಗೆ ಹೋಗೂದದು.'

ಇಪ್ಪತ್ತೆಂಟು ಎಂದು ಇನ್ನೊಮ್ಮೆ ಹೇಳಿದೆ. ಮೂವತ್ತೈದು ವರ್ಷ ಪರೀಕ್ಷೆ ಬರೆಸಿದ್ದೇನೆ. ಉತ್ತರ ಹೇಳುವಾಗ ಹುಡುಗರು ಯಾಕೆ ಮಾಸ್ತರರ ಮುಖವನ್ನೇ ನೋಡುತ್ತಾರೆ ಎಂದು ಅವತ್ತು ತಿಳಿಯಿತು.

ಭಾನುವಾರ ಬೆಳಿಗ್ಗೆ ಅಕ್ಕ ಅನ್ನವನ್ನು ಬೆಣ್ಣೆಯಂತೆ ನುಣ್ಣಗೆ ಕಲಸಿ, ಆರಿದ ಗಟ್ಟಿ ಹಾಲು ಹಾಕಿ, ಬೆರಳ ತುದಿಯಿಂದ ಒಂದು ಹನಿ ಮೊಸರು ಬಿಟ್ಟಳು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಬೇರೆ ಡಬ್ಬಿಯಲ್ಲಿ. ಸ್ಟೀಲು ಡಬರಿಗೆ ಬಿಗಿಯಾದ ಮುಚ್ಚಳ, ಮೇಲೆ ಬಿಳಿ ಬಟ್ಟೆ, ಬಟ್ಟೆಗೆ ಗಂಟು. ಬಸ್ಸಿನಲ್ಲಿ ಅದನ್ನು ಮಡಿಲಿನಲ್ಲಿಟ್ಟುಕೊಂಡು ಕೂತಳು. ಸಾಲಗುಂದದ ಕ್ರಾಸಿನಿಂದಲೋ ಏನೋ ಶುರುವಾದ ನನ್ನ ಚಿಂತೆ ಹೈದರಾಬಾದಿನವರೆಗೂ ನಿಲ್ಲಲಿಲ್ಲ. ಬಿಸಿಲು ನಮ್ಮ ಕಿಟಕಿಯ ಕಡೆಗೇ ಇತ್ತು. ಡಬರಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಇನ್ನೊಂದು ಊರು ದಾಟಿದ ಮೇಲೆ ಮತ್ತೆ ಮುಟ್ಟಿದೆ.

'ಜ್ವರ ನೋಡಿದಂಗ ನೋಡಬ್ಯಾಡ' ಎಂದಳು ಅಕ್ಕ. 'ಅದು ಆರಾಮೈತಿ.'

ಹೈದರಾಬಾದಿನಲ್ಲಿ ನಾವು ತಂಗಿದ್ದು ನನ್ನ ಹೆಂಡತಿಯ ತಮ್ಮನ ಮನೆಯಲ್ಲಿ. ಸಂಜೆ ಅಕ್ಕ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ಅವಳ ಪೂಜೆ ಅರ್ಧ ತಾಸು. ಕಣ್ಣು ತೆರೆಯುವುದಿಲ್ಲ, ಮಾತಾಡುವುದಿಲ್ಲ. ನಾನು ಡಬರಿ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಇವತ್ತೇ ಹೀಗಾದರೆ ನಾಳೆ ಮಧ್ಯಾಹ್ನಕ್ಕೆ ಮೂಗು ಮುಚ್ಚಿಕೊಳ್ಳಬೇಕು ಎಂದು ಮನಸ್ಸಿಗೆ ಖಾತ್ರಿಯಾಗಿಹೋಯಿತು. ಎದುರಿಗೇ ಫ್ರಿಜ್ಜು. ಹುಣಸೆಹಣ್ಣು, ಔಷಧಿ ಎಲ್ಲ ಸರಿಸಿ ಡಬರಿಯನ್ನು ಒಳಗಿಟ್ಟೆ. ಅದರ ಬಿಳಿ ಬಟ್ಟೆಯನ್ನು ನಮ್ಮ ಚೀಲದ ಮೇಲೆ, ಒಳಗೆ ಡಬರಿ ಇದ್ದ ಹಾಗೆಯೇ ಕಾಣುವಂತೆ ಹೊದಿಸಿದೆ. ಮರುದಿನ ಬೆಳಿಗ್ಗೆ ಅಕ್ಕ ಮತ್ತೆ ಪೂಜೆಗೆ ಕೂತಾಗ ತೆಗೆದು, ಬಟ್ಟೆ ಕಟ್ಟಿ ಮೊದಲಿನ ಜಾಗದಲ್ಲೇ ಇಟ್ಟೆ. ಗಂಟು ಮಾತ್ರ ಅವಳ ಗಂಟಿನ ಹಾಗೆ ಬರಲಿಲ್ಲ. ಆದರೂ ಎರಡು ವರ್ಷದಲ್ಲಿ ಮೊದಲ ಸಲ ಏನೋ ಒಂದು ಸರಿಯಾದ ಕೆಲಸ ಮಾಡಿದೆನೆಂದು ಸಮಾಧಾನವಾಗಿತ್ತು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಡಬರಿಯಲ್ಲಿ ಏನು ಎಂದು ಹಿಂದಿಯಲ್ಲಿ ಕೇಳಿದರು. 'ಅಭೀ ದೂಧ್ ಹೈ, ದೋಪಹರ್ ಕೋ ದಹೀ ಹೋಗಾ' ಎಂದೆ. ಅವರು ನನ್ನನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿ, ಕೈಯಲ್ಲಿ ಒಯ್ಯಬೇಡಿ, ದೊಡ್ಡ ಚೀಲದಲ್ಲಿಟ್ಟು ಸಾಮಾನಿಗೆ ಹಾಕಿ ಎಂದರು. ಹಿಂದಕ್ಕೆ ಹೋಗಿ ಹಾಕಿ ಬಂದೆವು. ಚೀಲ ಬೆಲ್ಟಿನ ಮೇಲೆ ಜಾರುತ್ತ ರಬ್ಬರಿನ ಪರದೆಯೊಳಗೆ ಮಾಯವಾಗುವುದನ್ನು ಅಕ್ಕ ನೋಡುತ್ತ ನಿಂತಳು. 'ಹೋತಲ್ಲೋ ಅದು' ಎಂದಳು.

ವಿಮಾನ ಏರಿದ ಮೇಲೆ ಕೇಳಿದಳು. 'ಬುತ್ತಿ ಎಲ್ಲಿ ಕುಂತೈತಿ?'

'ಕೆಳಗ. ನಮ್ಮ ಕಾಲಾಗ.'

ಅಕ್ಕ ಕೂಡಲೇ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದಳು. 'ಅನ್ನದ ಮ್ಯಾಲ ಕಾಲಿಡೂದೇನು?' ನಡುವೆ ಗಗನಸಖಿ ಒಬ್ಬಾಕೆ ಬಂದು ಕಾಲು ಕೆಳಗೆ ಬಿಡಿ ಎಂದು ನಕ್ಕು ಹೇಳಿ ಹೋದಳು. ಅಕ್ಕನೂ ನಕ್ಕಳು, ಕಾಲು ಬಿಡಲಿಲ್ಲ. ವಿಮಾನ ನೆಲ ಮುಟ್ಟುವವರೆಗೂ ಹಾಗೆಯೇ ಕೂತಿದ್ದಳು. ಇಳಿಯುವಾಗ ಕಾಲು ಜೋಮು ಹಿಡಿದು ನನ್ನ ಹೆಗಲು ಹಿಡಿದಳು.

ಮನೆ ಮುಟ್ಟಿದಾಗ ಗಡಿಯಾರ ನೋಡಿದೆ. ಇಪ್ಪತ್ತೆಂಟು ತಾಸಿಗೆ ಹತ್ತು ನಿಮಿಷ ಕಡಿಮೆ. ನನ್ನ ಇಡೀ ಬದುಕಿನಲ್ಲಿ ನಾನು ಹೇಳಿದ ಲೆಕ್ಕ ಇಷ್ಟು ಸರಿಯಾಗಿ ಬಂದದ್ದಿಲ್ಲ.

ಬಾಗಿಲು ತೆರೆದವಳು ಅಕ್ಕನ ಮಗಳು. ಫೋನಿನಲ್ಲಿ ಕಾಣುವುದಕ್ಕಿಂತ ಬಡವಾಗಿದ್ದಳು. ಹೊಟ್ಟೆ ಮಾತ್ರ ತುಂಬಿಕೊಂಡಿತ್ತು. ಅಳಿಯ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಕ್ಕ ಅವಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಎದುರಿಗೆ ತಾಟು ಇಟ್ಟು ಗಂಟು ಬಿಚ್ಚಿದಳು. ಮುಚ್ಚಳ ತೆಗೆದಳು. ಚಮಚ ಹಾಕಿದಳು. ಚಮಚ ಮುಳುಗಿತು.

'ಇನ್ನೂ ಹಾಲೈತಲ್ಲಬೇ' ಎಂದಳು ಮಗಳು. ಕೂಡಲೇ ತಾಯಿಯ ಮುಖ ನೋಡಿ, 'ಇರ್ಲಿ ಬೇ, ಹಿಂಗ ತಿಂತೀನಿ' ಎಂದು ಕೈ ಹಾಕಲು ಹೋದಳು. ಅಕ್ಕ ಅವಳ ಕೈ ಹಿಡಿದಳು. 'ಬ್ಯಾಡ.'

ನನ್ನ ಬಾಯಿ ತಾನೇ ಶುರುವಾಯಿತು. 'ಅದು ಹೆಂಗಂದ್ರ ಅಕ್ಕ, ಮ್ಯಾಲ ಹೋದಂಗ ಹೋದಂಗ ಗಾಳಿ ತಣ್ಣಗ ಆಕ್ಕೋತ ಹೋಗ್ತೈತಿ. ನೂರ ಅರವತ್ತೈದು ಮೀಟರಿಗೆ ಒಂದು ಡಿಗ್ರಿ. ವಿಮಾನ ಅಷ್ಟು ಎತ್ತರ ಹೋದ ಮ್ಯಾಲ, ಸಾಮಾನು ಇಡೂ ಜಾಗದಾಗ…'

'ವಿಮಾನಕ್ಕ ಯಾಕ ಬಯ್ತೀ?' ಎಂದಳು ಅಕ್ಕ. 'ಮುಂಜಾನಿ ಪೂಜಿ ಮುಗಿಸಿ ಎತ್ತಿದಾಗನ ತಳ ತಣ್ಣಗಿತ್ತು. ಗಂಟೂ ನಂದಲ್ಲ.'

ಮಗಳು ಸೀರೆಯ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. 'ಮಾಮಾ, ಫ್ರಿಜ್ಜಿನ್ಯಾಗ ಇಟ್ಟಿದ್ರೇನು?'

ಹೂಂ ಎಂದೆ.

'ನಿನಗ ಗೊತ್ತಿದ್ರ ಹಾದ್ಯಾಗ ಯಾಕ ಅನ್ಲಿಲ್ಲ?' ಎಂದೆ ಅಕ್ಕನಿಗೆ.

'ಅಂದ್ರ ಏನಾಕ್ಕಿತ್ತು? ಇನ್ನೊಂದು ಚಿಂತಿ ನಿಂಗ. ಕಾಯೂಣು.'

ಡಬರಿಗೆ ಕೌದಿ ಸುತ್ತಿ, ಪಡಸಾಲೆಯಲ್ಲಿ ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟೆವು. ಬಿಸಿಲು ಸರಿದಂತೆ ಡಬರಿಯನ್ನೂ ಸರಿಸುವ ಕೆಲಸ ನನಗೆ ಬಂತು. ಭೂಮಿ ತಿರುಗುವುದನ್ನು ಅಷ್ಟು ಮನಸ್ಸಿಟ್ಟು ನಾನು ಎಂದೂ ನೋಡಿರಲಿಲ್ಲ. ಅಕ್ಕ ಗೋಡೆಗೆ ಒರಗಿದವಳು ಕೂತಲ್ಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಎರಡು ದಿನದ ದಾರಿಯೆಲ್ಲ ಅವಳ ಮುಖದ ಮೇಲಿತ್ತು.

ಮಗಳು ಧ್ವನಿ ತಗ್ಗಿಸಿ ಮಾತಾಡಿದಳು. 'ಮಾಮಾ, ಹೋದ ಸಲ ನಾನು ಬುತ್ತಿ ಬೇಕು ಅಂತ ಫೋನ್ ಮಾಡಿದ್ನಲ್ಲ?'

ನಾನು ಡಬರಿಯನ್ನೇ ನೋಡುತ್ತಿದ್ದೆ.

'ಅವತ್ತ ಮುಂಜಾನಿ ಡಾಕ್ಟರು ಹೇಳಿದ್ರು, ಕೂಸಿನ ಎದಿಬಡಿತ ಕೇಳ್ಸವಲ್ದು ಅಂತ. ಅವ್ವಗ ಹೇಳೂಣು ಅಂತನ ಫೋನ್ ಹಚ್ಚಿದ್ದೆ. ಬಾಯಿ ಬರ್ಲಿಲ್ಲ. ಬುತ್ತಿ ತಿನ್ಬೇಕು ಅನ್ನಿಸೇತಿ ಅಂದುಬಿಟ್ಟೆ.' ಬಳೆ ಸರಿಮಾಡಿಕೊಂಡಳು. 'ಅವ್ವಗ ಇನ್ನೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.'

ನಾನು ಎದ್ದು ಡಬರಿಯನ್ನು ಬಿಸಿಲಿಗೆ ಒಂದು ಗೇಣು ಸರಿಸಿದೆ. ಅದು ಬಿಸಿಲಿನಲ್ಲೇ ಇತ್ತು. ಎರಡು ವರ್ಷ ಏಪ್ರಿಲ್ ತಿಂಗಳ ಆ ಹದಿನೈದು ದಿನವನ್ನು ನಾನು ಎಷ್ಟು ಸಲ ಎಣಿಸಿದ್ದೆ. ಈಗ ಹಗುರಾಗಬೇಕಿತ್ತು. ಸುಸ್ತು ಮಾತ್ರ ಆಯಿತು. ಒಂದು ರೈಲಿಗೆ ಕಾದು ಕಾದು, ಅದು ಬರುವುದಿಲ್ಲವೆಂದು ಯಾರೋ ಹೇಳಿದ ಮೇಲೆ ಬೆಂಚಿನಿಂದ ಏಳಲು ಆಗುವುದಿಲ್ಲವಲ್ಲ, ಹಾಗೆ.

ನಾಲ್ಕು ಗಂಟೆಯ ಹೊತ್ತಿಗೆ ಅಕ್ಕ ಎದ್ದು ಮುಖ ತೊಳೆದು ಬಂದು ಮುಚ್ಚಳ ತೆಗೆದಳು. ಚಮಚವನ್ನು ನೆಟ್ಟಗೆ ನಿಲ್ಲಿಸಿದಳು. ನಿಂತಿತು. ಒಗ್ಗರಣೆ ಹಾಕಿ, ತಾಟಿಗೆ ಬಡಿಸಿ, ಮಗಳ ಮುಂದೆ ಕೂತಳು. ಮಗಳು ಮೊದಲ ತುತ್ತು ಬಾಯಿಗಿಟ್ಟಳು. ಅಕ್ಕನ ಬಾಯಿಯೂ ಅದರೊಂದಿಗೆ ಅಲ್ಲಾಡಿತು.

'ಹುಳಿ?'

'ಬರಾಬರ್ ಐತಿ ಬೇ.'

ಎರಡು ಸಲ ಹಾಕಿಸಿಕೊಂಡಳು. ಮೂರನೆಯದಕ್ಕೆ ಬೆರಳಿನಿಂದ ಡಬರಿಯ ಅಂಚು ಬಳಿದಳು. ಅಕ್ಕ ಎದ್ದು ಹೋಗಿ ಬಹಳ ಹೊತ್ತು ನಲ್ಲಿಯ ಕೆಳಗೆ ಒಂದೇ ಚಮಚ ತೊಳೆದಳು.

ಹೊರಡುವ ದಿನ ಮಗಳು ಡಬರಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಕೊಟ್ಟಳು. ಬುತ್ತಿಯ ಪಾತ್ರೆ ಬರಿದಾಗಿ ಮರಳಬಾರದು. 'ಏಳನೇ ತಿಂಗಳಾಗ ಕರ್ಕೊಂಡು ಹೋಗಾಕ ಬರ್ತೀರಲ್ಲ ಮಾಮಾ, ನನಗ ಎಷ್ಟು ತಾಸು ಆಕ್ಕೈತಿ?' ಎಂದು ಕೇಳಿದಳು.

'ನಂಗ ಗೊತ್ತಿಲ್ಲವ್ವ' ಎಂದೆ.

'ಇದೊಂದು ಖರೇ ಹೇಳಿದ ನೋಡು' ಎಂದಳು ಅಕ್ಕ.

ಈಗ ಅಕ್ಕನ ಮಗಳು ಸಿಂಧನೂರಿನಲ್ಲೇ ಇದ್ದಾಳೆ. ಕರೆತರುವಾಗ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಲಿಲ್ಲ ಎಂದು ಬರೆಯಬೇಕೆಂದಿದ್ದೆ. ಮೂವತ್ತೊಂದು ತಾಸು. ಒಂಬತ್ತು ತುಂಬಿದೆ, ಡಾಕ್ಟರು ಈ ವಾರ ಎಂದಿದ್ದಾರೆ. ನನ್ನ ಚೀಲ ಬಾಗಿಲ ಹಿಂದೆ ತಯಾರಿದೆ. ಹೆಂಡತಿ ದಿನಕ್ಕೆರಡು ಸಲ ಅದಕ್ಕೆ ಎಡವಿ ನನಗೆ ಬೈಯುತ್ತಾಳೆ. ಫೋನು ಬಂದ ಕೂಡಲೇ ಹೊರಟರೆ ಲಿಂಗಸುಗೂರಿನಿಂದ ಸಿಂಧನೂರು ಒಂದೂವರೆ ತಾಸು. ಮಸ್ಕಿಯಲ್ಲಿ ಡ್ರೈವರು ಚಹಾಕ್ಕೆ ಇಳಿಯದಿದ್ದರೆ.